ಹುದುಗು

ಶನಿವಾರ ಸಂಜೆ ಆರೂವರೆಗೆ ಬಂದರು.
ಸರಕಾರಿ ಜೀಪಲ್ಲ,
ಬ್ಯಾಂಕು ಬಾಡಿಗೆಗೆ ಹಿಡಿದ ಬಿಳಿ ಇನ್ನೋವಾ.
ತಹಶೀಲ್ದಾರರು ಇಳಿಯುವಾಗ ಬಾಗಿಲು ಹಿಡಿದವನು
ವಸೂಲಿ ಏಜೆಂಟ್.

ಅಸಲ್ಫಾದ ಏರುಗಲ್ಲಿ, ಮೆಟ್ರೋ ಕಂಬದ ಹಿಂದೆ
ವಾರಿಜಾ ಕುಂದರ್ ನಡೆಸುವ ಹತ್ತು ಬೈ ಹನ್ನೆರಡರ ಮೆಸ್ಸು.
ಅಸಲು ತೀರಿತ್ತು; ಉಳಿದದ್ದು ಬಡ್ಡಿಯ ಬಡ್ಡಿ.
ತಡೆಯಾಜ್ಞೆ ಶುಕ್ರವಾರವೇ ಬಂದಿತ್ತು.
ಹಿಟ್ಟಿನ ಕೈಯಲ್ಲೇ ತೋರಿಸಿದಳು.
‘ನಮಗೆ ಪ್ರತಿ ತಲುಪಿಲ್ಲ’ ಅಂದರು ಸಾಹೇಬರು,
ಪ್ರತಿಯನ್ನು ಓದುತ್ತಲೇ.

ಅರಗು ಕರಗಿತು. ಮುದ್ರೆ ಬಿತ್ತು.
ಒಳಗೆ ಉಧಾರಿಯ ವಹಿ, ಅರ್ಧ ಸಿಲಿಂಡರು,
ಆಗಷ್ಟೇ ರುಬ್ಬಿ ಮುಚ್ಚಿಟ್ಟ
ಎರಡು ಡ್ರಮ್ಮು ಇಡ್ಲಿ ಹಿಟ್ಟು.

ಹಿಟ್ಟಿಗೆ ಓದಲು ಬರುವುದಿಲ್ಲ.
ಜಪ್ತಿ ಅಂದರೇನೆಂದು ಅದಕ್ಕೆ ಯಾರೂ ಹೇಳಲಿಲ್ಲ.
ಮೇ ತಿಂಗಳ ಮುಂಬಯಿ, ತಗಡಿನ ಮಾಡು.
ಭಾನುವಾರ ಬೆಳಿಗ್ಗೆ ಮುಚ್ಚಳ ಎತ್ತಿತು,
ಮಧ್ಯಾಹ್ನ ಅಂಚು ದಾಟಿತು,
ಸೋಮವಾರ ನಸುಕಿಗೆ ಶಟರಿನ ಅಡಿಯಿಂದ
ಬಿಳಿ ನಾಲಗೆಯೊಂದು ಗಲ್ಲಿಗೆ ಬಂತು
ಸೀಲನ್ನು ಮುಟ್ಟದೆ.

ಮೊದಲು ವಾಸನೆಗೆ ಬೈದರು.
ಆಮೇಲೆ ಯಾಕೆ ವಾಸನೆ ಎಂದು ಕೇಳಿದರು.
ಆಮೇಲೆ ಬೈಗುಳ ವಿಳಾಸ ಬದಲಿಸಿತು.
ಟೇಲರ್ ಶಬ್ಬೀರನ ಮಷೀನು ಹೋದ ವರ್ಷ ಹೀಗೇ ಹೋಗಿತ್ತು;
ಶೇವಂತಾಬಾಯಿಯ ತಮ್ಮನ ಟೆಂಪೋ,
ನೋಟಿಸಿನ ವಾಯಿದೆ ತುಂಬುವ ಮೊದಲೇ.
ಮೆಸ್ಸಿಗೆ ಬಾಕಿ ಕೊಡಬೇಕಿದ್ದ ಹುಡುಗರು ಕೂಡ
(ವಹಿ ಒಳಗಿದೆ, ಬದುಕಿದೆವು ಅನ್ನಬೇಕಾದವರು)
ಕೆಲಸಕ್ಕೆ ಹೋಗದೆ ಜೊತೆಗೆ ನಡೆದರು.
ಕುರ್ಲಾ ಕಚೇರಿಯಲ್ಲಿ, ಫೈಲುಗಳ ನಡುವೆ
ಶೇವಂತಾಬಾಯಿ ಸ್ಟೀಲಿನ ಡಬ್ಬಿ ತೆರೆದಿಟ್ಟಳು:
‘ಹ್ಯಾಲಾ ಪಣ್ ಸೀಲ್ ಲಾವಾ, ಸಾಹೇಬ್.’
ಸಾಹೇಬರು ಕರವಸ್ತ್ರ ಹುಡುಕಿದರು.

ಇದೆಲ್ಲ ನಾನು ಕೇಳಿದ್ದು. ಗುಂಪಿನಲ್ಲಿರಲಿಲ್ಲ.
ಗೇಟಿನ ಹೊರಗೆ, ಅತ್ತಿಮರದ ಕೆಳಗೆ,
ಪುಟಕ್ಕೆ ಮೂವತ್ತು ರೂಪಾಯಿಯ ನನ್ನ ಮೇಜು.
ದೂರು ಬರೆಸಲು ವಾರಿಜಕ್ಕ
ಜಪ್ತಿ ಆದೇಶದ ಪ್ರತಿ ತಂದಳು.
ಮೂರನೆಯ ಸಾಲಿನಲ್ಲಿ ಕಣ್ಣು ಎಡವಿತು:
ಅಸಲ್ಫಾ ಇರಬೇಕಾದಲ್ಲಿ
‘ಅಸಫ್ಲಾ’.

ಈ ತಪ್ಪಿನ ಹೆತ್ತವ್ವ ನನಗೆ ಗೊತ್ತು,
ನನ್ನ ಬಲಗೈಯ ಉಂಗುರದ ಬೆರಳು.
ಅವಸರದಲ್ಲಿ ಹಿಂದೆ ಬೀಳುವುದು ಅದರ ಚಾಳಿ.
ಏಪ್ರಿಲ್‌ನಲ್ಲಿ ಬ್ಯಾಂಕಿನ ಹುಡುಗನೊಬ್ಬ
ಇದೇ ಮೇಜಿಗೆ ಅರ್ಜಿ ತಂದಿದ್ದ;
ಹನ್ನೊಂದು ಪುಟ, ಮುನ್ನೂರ ಮೂವತ್ತು,
ಮೇಲೊಂದು ಕಟಿಂಗ್ ಚಹಾ.
ಅದನ್ನೇ ಅನಾಮತ್ತು ಎತ್ತಿ
ತಲೆಗೆ ‘ಆದೇಶ’ ಅಂಟಿಸಿ
ಕಾಲಿಗೆ ಸಿಂಹದ ಮುದ್ರೆ ಒತ್ತಿದ್ದಾರೆ.
‘ದಾಖಲೆಗಳನ್ನು ಕೂಲಂಕಷ ಪರಿಶೀಲಿಸಿ’
ಎಂಬ ಸಾಲೂ ನಾನೇ ಕುಟ್ಟಿದ್ದು!
ಪರಿಶೀಲಿಸಿದವರಿಗೆ
ತಮ್ಮದೇ ತಾಲೂಕಿನ ಒಂದು ಹೆಸರು ಕಾಣಲಿಲ್ಲ.

ಇಂಡಿಯಿಂದ ರೈಲು ಹತ್ತಿ ಬಂದು ಮೂವತ್ತೊಂದು ವರ್ಷ.
ಹೊಡೆದವನ ಅರ್ಜಿ, ಹೊಡೆಸಿಕೊಂಡವನ ಅರ್ಜಿ,
ಎರಡಕ್ಕೂ ಒಂದೇ ದರ.
ಟೈಪು ಮಾಡುವವನಿಗೆ ಪಾಪ ತಟ್ಟುವುದಿಲ್ಲ ಅಂದುಕೊಂಡು
ಉಂಡಿದ್ದೇನೆ, ವಾರಿಜಕ್ಕನ ಮೆಸ್ಸಿನಲ್ಲೇ.
ಬ್ಯಾಂಕಿನ ಅರ್ಜಿಯಲ್ಲಿ ಅವಳ ಹೆಸರಿತ್ತು.
ಕುಟ್ಟುವಾಗ ನಾನು ಓದುವುದಿಲ್ಲ.

ಓದಿದ್ದೆ.

ಒಳಗೆ ಕೂಗು ಏರುತ್ತಿದೆ. ಪೊಲೀಸ್ ವ್ಯಾನು ಬಂದು ನಿಂತಿದೆ.
ವಾರಿಜಕ್ಕ ಪರ್ಸಿನ ಬಾಯಿ ತೆರೆದು
‘ಎಷ್ಟು ಪುಟ ಆಗಬಹುದು?’ ಎನ್ನುತ್ತಾಳೆ.
ಅವಳಿಗೆ ಇನ್ನೂ ಹೇಳಿಲ್ಲ.
ಹೊಸ ಹಾಳೆ ಸೇರಿಸುತ್ತೇನೆ:

‘ನಾನು, ಶಿವಪುತ್ರ ಗುರಪ್ಪ ಹಂಜಗಿ, ವಯಸ್ಸು ಐವತ್ತಾರು,
ಪ್ರಮಾಣ ಮಾಡಿ ಹೇಳುವುದೇನೆಂದರೆ...’

ಇಷ್ಟು ವರ್ಷದಲ್ಲಿ ಈ ಮಷೀನು
ನನ್ನ ಹೆಸರನ್ನು ಕುಟ್ಟಿರಲಿಲ್ಲ.
ಊರಿನ ಹೆಸರು ಬಂದಾಗ ಬೆರಳು ನಿಂತಿತು.
ಒಂದೊಂದೇ ಅಕ್ಷರ ನೋಡಿ ಒತ್ತಿದೆ.