ತಕ್ಕದ್ದು

ಟ್ರೆಂಟನ್ನಿನ ಶಾಸನಸಭೆ, ನಾಲ್ಕನೇ ಕೊಠಡಿ.
ಹಬೆಯ ಕೊಳವೆ ಗೋಡೆಯೊಳಗೆ ಕೆಮ್ಮುತ್ತಿತ್ತು.
ನಾನು ಟೈಪು ಮಾಡುವವಳು; ನನಗೆ ಅಭಿಪ್ರಾಯವಿಲ್ಲ,
ಬೆರಳುಗಳಿವೆ, ಅಷ್ಟೆ.

ಮಸೂದೆ ಚಿಕ್ಕದು, ಒಂದೂವರೆ ಪುಟ:
ಗುಲಾಮಗಿರಿಯ ಚರಿತ್ರೆಯನ್ನು ಮಕ್ಕಳಿಗೆ ಮುಟ್ಟಿಸಲು
ಒಂದು ಆಯೋಗ. ಹತ್ತೊಂಬತ್ತು ಜನ.
ಸಂಬಳವಿಲ್ಲ. ಬಂದುಹೋಗುವ ಖರ್ಚುಂಟು, ರಸೀದಿ ತೋರಿಸಿದರೆ.
ಎಲ್ಲ ಶಾಲೆಗಳೂ ಅದನ್ನು ಕಲಿಸತಕ್ಕದ್ದು.

ಅಲ್ಲಿಗೆ ಬಂದು ನಿಂತಿತು ಬಂಡಿ.

ಕೆಸ್ಲರ್ ಮಹಾಶಯರು ಕನ್ನಡಕ ಒರೆಸಿದರು.
ಒಳ್ಳೆಯ ಮನುಷ್ಯ, ಕ್ರಿಸ್‌ಮಸ್ಸಿಗೆ ನಮಗೆಲ್ಲ
ಅಂಜೂರದ ಬಿಸ್ಕತ್ತು ತರುವವರು.
"ತಕ್ಕದ್ದು ಅಂದರೆ ಕೊಂಚ ಬಿಗಿಯಾಯಿತು.
ಕಲಿಸಬಹುದು ಅಂತ ಮಾಡೋಣ. ಒಂದು ಪದ ತಾನೆ.
ಅದೂ ಅಲ್ಲದೆ ನಮ್ಮದು ಉತ್ತರದ ರಾಜ್ಯ,
ಇಲ್ಲಿ ಅಂಥದ್ದೇನೂ—"
ಆ ಗೀಟು ನಾನು ಎಳೆದದ್ದಲ್ಲ.
ಅವರೇ ಅಲ್ಲಿಗೆ ನಿಲ್ಲಿಸಿದರು.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ.
ಹನ್ನೊಂದನೆಯವರು ಲುವೀನಿಯಾ ಹೋಗ್ಲಂಡ್,
ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರು.
ಕೈಚೀಲದಿಂದ ಒಂದು ನಕಲು ಹಾಳೆ ತೆಗೆದು
ಮಡಿಕೆ ಬಿಡಿಸಿ, ಅಂಗೈಯಿಂದಲೇ ಇಸ್ತ್ರಿ ಮಾಡಿದರು.
ಜಿಲ್ಲಾ ಗುಮಾಸ್ತನ ದಫ್ತರದ್ದು, ಸಾವಿರದ ಎಂಟುನೂರ ಹನ್ನೊಂದು:

ನನ್ನ ದಾಸಿ ಡೈನಾಳ ಹೊಟ್ಟೆಯಲ್ಲಿ
ಮಾರ್ಚ್ ಒಂಬತ್ತರಂದು ಹೆಣ್ಣು ಕೂಸು ಹುಟ್ಟಿರುತ್ತದೆ.
ಹೆಸರು ಫಿಲಿಸ್. ಇದು ನಿಜವೆಂದು ಬರೆದುಕೊಟ್ಟವನು
ಗ್ಯಾರೆಟ್ ಹೋಗ್ಲಂಡ್.

"ಬರೆದುಕೊಟ್ಟವನ ಹೆಸರು ನಾನು ಹೊತ್ತಿದ್ದೇನೆ.
ಮೂಗು ಮಾತ್ರ ಫಿಲಿಸಳದ್ದು, ಅಂತ ನಮ್ಮ ಮನೆಯಲ್ಲಿ ಮಾತು.
ಆಗಿನ ಕಾನೂನು ತರಿಸಿಕೊಂಡು ಓದಿದೆ.
ಒಂಬತ್ತು ತಿಂಗಳೊಳಗೆ ಯಜಮಾನ ನೋಂದಾಯಿಸತಕ್ಕದ್ದು.
ಹೆಣ್ಣಾದರೆ ಇಪ್ಪತ್ತೊಂದರವರೆಗೆ,
ಗಂಡಾದರೆ ಇಪ್ಪತ್ತೈದರವರೆಗೆ ದುಡಿಯತಕ್ಕದ್ದು.
ಇದಕ್ಕೆ ಬಿಡುಗಡೆಯ ಕಾನೂನು ಅಂತ ಹೆಸರು.
ತಾಯಿಗೆ ಅದೂ ಇಲ್ಲ.
ಆಮೇಲೊಂದು ವರ್ಷ ಗುಲಾಮರು ಎಂಬ ಪದ ಅಳಿಸಿ
ಆಜೀವ ಕಸುಬು ಕಲಿಯುವವರು ಎಂದು ಬರೆದರು.
ಅರುವತ್ತರ ಮುದುಕಿ ಇನ್ಯಾವ ಕಸುಬು ಕಲಿತಾಳು?
ಭೂತಗನ್ನಡಿ ಹಿಡಿದು ಹುಡುಕಿದೆ ಆ ಪುಟಗಳನ್ನು.
ಅವಳ ಪಾಲಿಗೆ ಒಂದೇ ಒಂದು 'ಬಹುದು' ಸಿಗಲಿಲ್ಲ."

ಗಂಟೆ ಬಾರಿಸಿತು.
ಆಕೆಯ ವಾಕ್ಯ ಆಗಲೇ ಮುಗಿದಿತ್ತು.
ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿ ಕೂತರು.

ಐದಕ್ಕೆ ನಾಲ್ಕು. ತಕ್ಕದ್ದು ಉಳಿಯಿತು.
ಉಳಿಯಿತೇನೋ ಸರಿ, ಅದರ ಬೆನ್ನಿಗೇ
ಚಪ್ಪಲಿ ಕೈಯಲ್ಲಿ ಹಿಡಿದು ಒಳಬಂದವನಂತೆ
ಇನ್ನೊಂದು ತುಂಡು ಬಂದು ಸೇರಿತು:
ಅನುದಾನ ಲಭ್ಯವಿದ್ದಲ್ಲಿ.
ಎರಡನ್ನೂ ಟೈಪು ಮಾಡಿದವಳು ನಾನೇ.

ಸಂಜೆ ಮೆಟ್ಟಿಲಲ್ಲಿ ಸಿಕ್ಕರು,
ಒಂದು ಕೈ ಕಂಬಿಗೆ, ಒಂದು ಕೈ ಮಂಡಿಗೆ.
ನನ್ನ ಗುರುತು ಹತ್ತಲಿಲ್ಲ. ಹತ್ತಬೇಕೆಂದೇನಿಲ್ಲ;
ಕಿಟಕಿಗೆ ಮೂಗೊತ್ತಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ
ನಲವತ್ತು ಮಕ್ಕಳಲ್ಲಿ ಒಬ್ಬಳು ನಾನು.

ಸೇಬಿನ ತೋಟದ ಕಲ್ಲುಗೋಡೆಯ ಬಳಿ
ದಿನಾ ನಿಲ್ಲುತ್ತಿತ್ತು ಬಸ್ಸು.
ಯಾರೂ ಹತ್ತುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ.
ಬಾಗಿಲು ತೆರೆಯುತ್ತಿತ್ತು. ಚಳಿ ಒಳಗೆ ಬರುತ್ತಿತ್ತು. ಮುಚ್ಚುತ್ತಿತ್ತು.
ರೈಲುಹಳಿ ದಾಟುವ ಮುನ್ನ ಶಾಲಾ ಬಸ್ಸು ನಿಂತು,
ಬಾಗಿಲು ತೆರೆದು, ಕಿವಿಗೊಟ್ಟು ಕೇಳಿ
ಮುಂದೆ ಸಾಗತಕ್ಕದ್ದು, ಹಾಗೆ ನಿಯಮ.
ಅದಕ್ಕೇ ಇರಬೇಕು ಅಂದುಕೊಂಡಿದ್ದೆವು.

ಏಳು ವರ್ಷ ಹೋಗಿ ಬಂದೆ ಆ ದಾರಿಯಲ್ಲಿ.
ಅಲ್ಲಿ ಹಳಿ ಇರಲಿಲ್ಲ.