ಹಿಮ್ಮಡಿ

ಮೂವರು ಗುರುಗಳಿಗೂ ತಕರಾರು ಇದ್ದದ್ದು
ನನ್ನ ಎಡ ಹಿಮ್ಮಡಿಯ ಬಗ್ಗೆ.

ಒತ್ತು ನೆಲಕ್ಕೆ, ಎನ್ನುತ್ತಿದ್ದರು ಅಂಬಾಡಿ ಗುರುಕ್ಕಳ್.
ಸೊಂಟದಾಳ ತೋಡಿದ ಕಳರಿ, ಎಣ್ಣೆ ಕುಡಿದ ಮಣ್ಣು,
ಕನ್ನಿಮೂಲೆಯಲ್ಲಿ ಏಳು ಮೆಟ್ಟಿಲ ಪೂತ್ತರ.
ಅವರ ವಾಯ್ತಾರಿ ಬಾಯಿಂದಲ್ಲ
ಹೊಕ್ಕುಳಿಂದ ಎದ್ದು ಬರುತ್ತಿತ್ತು:
ಕುದುರೆಯಾಗು, ಹಂದಿಯಾಗು, ಹಾವಾಗು,
ಏನು ಬೇಕಾದರೂ ಆಗು, ಹಿಮ್ಮಡಿ ಎತ್ತಬೇಡ.
ಎತ್ತಿದವಳ ಬೆನ್ನು ಗಾಳಿಯ ಸೊತ್ತು.

ಉಪ್ಪಳದಲ್ಲಿ, ಮೊಬೈಲ್ ಅಂಗಡಿಯ ಮಹಡಿಯ ಮೇಲೆ
ಮೊಯ್ದೀನ್ ಮಾಸ್ಟ್ರ ಕರಾಟೆ.
ಶಾರ್ಜಾದಲ್ಲಿ ಒಬ್ಬ ಫಿಲಿಪ್ಪೀನಿಯಿಂದ ಕಲಿತು
ಹಾಲಿನ ಪುಡಿ, ನೋವಿನ ಮುಲಾಮುಗಳ ಜತೆ
ಪೆಟ್ಟಿಗೆ ಕಟ್ಟಿ ತಂದದ್ದು.
ಇಚ್, ನಿ, ಸಾನ್:
ಅವರ ಜಪಾನಿಗೂ ಬ್ಯಾರಿ ಭಾಷೆಯ ಎಳೆತ.
ಹಿಮ್ಮಡಿ ತಿರುಗಲಿ ಮೋಳೇ, ಹಿಂದೆಯೇ ಸೊಂಟ ಬರಲಿ,
ಮುಷ್ಟಿ ಕೈಯದ್ದಲ್ಲ, ಕಾಲಿನದ್ದು.

ಐತಪ್ಪ ಮಾವನದ್ದು ಶಾಲೆಯೇ ಅಲ್ಲ.
ವರ್ಷವಿಡೀ ಕೆಂಪುಕಲ್ಲಿನ ಕೋರೆ, ನವರಾತ್ರಿಗೆ ಹುಲಿ.
ಹಲ್ಲಲ್ಲಿ ಅಕ್ಕಿಮುಡಿ ಕಚ್ಚಿ ಎತ್ತಿ
ತಲೆಯ ಹಿಂದಕ್ಕೆ ಎಸೆದವನು
ನನಗೆ ದೊಣ್ಣೆ ತಿರುಗಿಸಲು ಕಲಿಸಿದ್ದು
ಹೊಯ್ಗೆಯ ಮೇಲೆ, ಮುಸ್ಸಂಜೆ, ಸ್ವಲ್ಪ ಕುಡಿದು.
ಹುಲಿಗೆಂತ ಹಿಮ್ಮಡಿ ಮಾರಾಯ್ತಿ,
ಬೆರಳ ತುದಿಯಲ್ಲೇ ಅದರ ಸಂಸಾರ.

ಯಾರಿಗೂ ಹೇಳಿರಲಿಲ್ಲ ನಾನು.
ಒಂಬತ್ತು ವರ್ಷದವಳು, ಶಿರಿಯದ ಅಳಿವೆಯಲ್ಲಿ
ಅಮ್ಮನ ಹಿಂದೆ ಮರುವಾಯಿ ಹೆಕ್ಕುವಾಗ
ಒಡೆದ ಚಿಪ್ಪೊಂದು ಅದೇ ಹಿಮ್ಮಡಿಗೆ ಹೊಕ್ಕು
ಅರ್ಧ ಮಾತ್ರ ಹೊರಗೆ ಬಂದದ್ದು.
ಇನ್ನರ್ಧ ಅಲ್ಲೇ ಇದೆ.

ಒತ್ತಿದರೆ ಉರಿ.
ತಿರುಗಿಸಿದರೆ ಮತ್ತೂ ಉರಿ.
ಬೆರಳ ಮೇಲೇ ನಿಂತರೆ ಮೀನಖಂಡ ಕಲ್ಲಾಗುತ್ತದೆ.
ಮೂವರಿಗೂ ಕಾಲಿನಲ್ಲೇ ಸುಳ್ಳು ಹೇಳಿದೆ:
ನೆಲಕ್ಕೆ ತಾಗಿದಂತೆ ಕಾಣುವಷ್ಟು ಕೆಳಗೆ,
ಅವಲಕ್ಕಿಯ ದಪ್ಪದಷ್ಟು ಮೇಲೆ.
ಆ ಸಂದಿಯಲ್ಲಿ ಭಾರ ನಿಲ್ಲದೆ ಬಲಕ್ಕೆ ಜಾರುವಾಗ
ಹಂದಿಯ ತಗ್ಗಿನಿಂದ ಮಾಸ್ಟ್ರ ಮುಷ್ಟಿ ಹೊರಟಿತು,
ತಪ್ಪಿದ ಮುಷ್ಟಿ ಮಾವನ ಸುತ್ತು ಹಾಕಿ
ಮೊಣಕೈಯಾಗಿ ಮರಳಿತು.
ನಾನು ಕೂಡಿಸಿದ್ದಲ್ಲ. ಬೀಳದಿರಲು ಮಾಡಿದ್ದು.

ಕಾಸರಗೋಡಿನ ಪಂದ್ಯದಲ್ಲಿ ಅಂಕ ಕಳೆದರು.
ತಗ್ಗಿದ್ದು ಜಾಸ್ತಿಯಾಯಿತಂತೆ.
ಮಾಸ್ಟ್ರು ಬೆಲ್ಟನ್ನು ಮಡಚಿ ಮಡಚಿ ಬಿಚ್ಚಿದರು.
ಗುರುಕ್ಕಳ್ ಒಮ್ಮೆ ಪೂರ್ತಿ ನೋಡಿ
ಇದು ನಮ್ಮದಲ್ಲ ಎಂದರು. ಬೈಗುಳವಲ್ಲ.
ಮದುವೆಮನೆಯಲ್ಲಿ ಅದಲುಬದಲಾದ ಕೊಡೆಯನ್ನು
ಹಿಂದಿರುಗಿಸುವವರ ದನಿ.
ಮಾವ ಮಾತ್ರ ಕೇಳಿದ: ಕಾಲಿಗೆ ಎಂತ ಆದದ್ದು ನಿಂಗೆ?

ಈಗ ಕುಂಬಳೆಯಲ್ಲಿ, ರೈಲು ಹಳಿಯ ಪಕ್ಕ,
ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಶೆಡ್ಡು.
ಹನ್ನೊಂದು ಹುಡುಗಿಯರು, ಹನ್ನೊಂದು ಎಡಗಾಲು,
ಎಲ್ಲ ಹಿಮ್ಮಡಿಗಳೂ ಅವಲಕ್ಕಿಯ ದಪ್ಪದಷ್ಟು ಮೇಲೆ.
ಎಷ್ಟು ಚಂದ ಕಲಿತಿದ್ದಾವೆ.
ಮಿಸ್ರಿಯಾ ಅಂತೂ, ಆ ಉರಿಗೆ ನಾನು ತುಟಿ ಕಚ್ಚುವುದನ್ನೂ
ಬಿಡದೆ ಕಲಿತಿದ್ದಾಳೆ.

ಕೂತುಕೊಂಡು ಕಾಲು ತೋರಿಸಿದೆ.
ಇದು ಪಟ್ಟಲ್ಲ, ಚಿಪ್ಪು.
ನಿನ್ನದು ಗಟ್ಟಿ ಉಂಟಲ್ಲ, ಊರು.
ಊರಿದಳು. ಬೆಪ್ಪಾಗಿ ನಿಂತಳು.
ಹಾಗಾದರೆ ಟೀಚರ್, ನಂದು ಯಾವುದು?

ನಾನು ಎದ್ದು ನಿಲ್ಲುವಾಗ ಮಂಗಳೂರಿನ ಗಾಡಿ ಬಂತು.
ಶೆಡ್ಡಿನ ತಗಡು ನಡುಗಿ ಮಾತು ಕೇಳದಾಯಿತು.
ಹೋಗಲಿ, ಆಮೇಲೆ ಹೇಳುವ ಎಂದು ಬೋಗಿ ಎಣಿಸುತ್ತಿದ್ದೆ.
ಹತ್ತನೆಯದ್ದೋ ಹನ್ನೊಂದನೆಯದ್ದೋ,
ಅವಳ ಭುಜ ಬಂದು ಪಕ್ಕೆಗೆ ಬಿತ್ತು,
ಮೊಣಕೈ ಮಡಚಿ, ಗದ್ದ ಅಡಗಿಸಿ, ಚೀಲ ಇದ್ದ ಕಡೆಯಿಂದ,
ಬೆಳಗಿನ ಎಂಟೂವರೆಯ ಬಸ್ಸಿನ ಬಾಗಿಲಲ್ಲಿ
ದಿನಾ ನುಗ್ಗುವ ಹಾಗೆಯೇ.

ಗೋಡೆಗೆ ಒರಗಿಕೊಂಡೆ.
ಉಳಿದ ಬೋಗಿಗಳು ಹೋಗುತ್ತಲೇ ಇದ್ದವು.