ಯಂತ್ರ ಕೆಟ್ಟಿದೆ

ಪತ್ರದಲ್ಲಿ ಬೈಗುಳವಿರಲಿಲ್ಲ, ಅದೇ ಕಷ್ಟ.
"ನಿಮ್ಮ ವ್ಯಾಪಾರದ ಬಗೆ ನಮ್ಮ ಪಟ್ಟಿಗೆ ಕೂರದು,
ಸೋಮವಾರದಿಂದ ಕಾರ್ಡಿನ ಸೇವೆ ಇರುವುದಿಲ್ಲ,
ಇಷ್ಟು ದಿನದ ಒಡನಾಟಕ್ಕೆ ವಂದನೆ."
ಸಹಿಯ ಜಾಗದಲ್ಲಿ ಒಂದು ವಿಭಾಗದ ಹೆಸರು.
ಡೆಲ್ಮರ್ ಎರಡು ಸಲ ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿ,
ಮೀನಿನ ಗಾಳದ ಡಬ್ಬಿಯಡಿ ಇಟ್ಟ,
ಗಾಳಿಗೆ ಹಾರೀತು ಎಂಬಂತೆ.

ಗಾಳಿಯೆಲ್ಲ ಹೊರಗಿತ್ತು. ಉತ್ತರ ಡಕೋಟಾದ ನವೆಂಬರು,
ಗೋಧಿ ಕಣಜದ ತಗಡು ರಾತ್ರಿಯಿಡೀ ಎದೆ ಬಡಿದುಕೊಳ್ಳುತ್ತಿತ್ತು.
ಶುಕ್ರವಾರ ಮಟಮಟ ಮಧ್ಯಾಹ್ನ ಜಿಂಕೆ ಬೇಟೆ ಶುರು.
ನಮ್ಮ ಬಂದೂಕಿನಂಗಡಿಗೆ
ವರುಷದ ಅರ್ಧ ಗಳಿಕೆ ಆ ವಾರದಲ್ಲೇ.

ನಾನು ಆರ್ಡಿಸ್, ಅವನ ಅತ್ತಿಗೆ, ಲೆಕ್ಕ ಬರೆಯುವವಳು.
ಒಂಬತ್ತು ಕಂಪನಿಗಳಿಗೆ ಫೋನು ಹಚ್ಚಿದೆ.
ಒಬ್ಬಳು ನಲವತ್ತು ನಿಮಿಷ ಪಿಯಾನೋ ಕೇಳಿಸಿದಳು.
ಒಬ್ಬ, "ಬರೀ ಗಾಳ, ಲಾಟೀನು ಮಾರಿ, ಆಮೇಲೆ ನೋಡೋಣ" ಎಂದ.
ಒಬ್ಬ ಹುಡುಗ ಮಾತ್ರ, ದನಿ ಇನ್ನೂ ಎಳೆಯದು,
"ಏಕೆಂದು ನನಗೂ ತಿಳಿಸಿಲ್ಲಮ್ಮ, ಕ್ಷಮಿಸಿ" ಎಂದ.
ಅವನಿಗೆ ಬಾಯಿಗೆ ಬಂದಂತೆ ಬೈದೆ.
ಬೈಯಲು ಸಿಕ್ಕಿದ್ದು ಅವನೊಬ್ಬನೇ.

ಬಂದವರೆಲ್ಲ ಜೇಬು ತಡವಿಕೊಂಡರು.
ಬ್ಯಾಂಕು ನಲವತ್ತು ಮೈಲಿಯಾಚೆ.
ಶಾಲೆಯ ಮೇಷ್ಟ್ರು ಒಂದು ಪೆಟ್ಟಿಗೆ ಕಾಡತೂಸಿಗೆ
ಕಾಫಿ ಡಬ್ಬಿಯ ಚಿಲ್ಲರೆ ಸುರಿದು ಎಣಿಸಿದರು,
ಮಕ್ಕಳ ಹುಂಡಿ ಒಡೆದ ಮುಖ ಮಾಡಿಕೊಂಡು.
ಡೆಲ್ಮರ್ ಹಲಗೆಯ ಮೇಲೆ ಬರೆದು ತೂಗುಹಾಕಿದ:
ಯಂತ್ರ ಕೆಟ್ಟಿದೆ. ನಗದು ಮಾತ್ರ.
"ಸುಳ್ಳಲ್ಲವೇ?" ಎಂದೆ.
"ಹೊಸದೇನಲ್ಲ" ಎಂದ.

ಹೊಸದಲ್ಲ, ಹೌದು.
ಆರು ವರುಷದ ಹಿಂದೆ, ಹಿಮ ಕರಗಿ ರಾಡಿಯಾದ ದಿನ,
ಲಾಯಲ್ ಸ್ಟೆನ್‌ಬರ್ಗ್ ಬಂದಿದ್ದ, ಒಂದು ಪಿಸ್ತೂಲು ಕೇಳಿ.
ನಾಯಿ ಎಲ್ಲಿ ಅಂದರೆ, "ಪಕ್ಕದ ಮನೆಗೆ ಕೊಟ್ಟುಬಂದೆ" ಎಂದ.
"ಗುಂಡು ಬಿಡಿಯಾಗಿ ಕೊಡುವುದಿಲ್ಲವೇ?" ಎಂದ,
"ಪೆಟ್ಟಿಗೆಯಷ್ಟು ಬೇಡ."
ಕಾರ್ಡು ಗಾಜಿನ ಮೇಲಿಟ್ಟ.
ಡೆಲ್ಮರ್ ನನ್ನ ಕಡೆ ನೋಡಿದ.
ನಾನು ಮೇಜಿನಡಿ ಕಾಲಿನಿಂದಲೇ ತಂತಿ ಕಿತ್ತೆ.
"ಯಂತ್ರ ಕೆಟ್ಟಿದೆ ಮಾರಾಯ, ನಾಳೆ ಬಾ."
ಕಾರ್ಡು ಮತ್ತೆ ಜೇಬು ಸೇರಲು ಮೂರು ಸಲ ತಡಕಾಡಿತು.
ಅಂಗಡಿ ಮುಚ್ಚಿ ಡೆಲ್ಮರ್ ಅವನನ್ನು ಮನೆಗೆ ಬಿಟ್ಟ,
ದಾರಿಯಲ್ಲಿ ನಾಯಿಯನ್ನೂ ಹತ್ತಿಸಿಕೊಂಡು.

ಈ ವಾರ ಅವನೇ ಬಂದ. ನಾಯಿ ಬೇರೆ, ಕೆಂಚು ಬಣ್ಣದ್ದು.
ಹಲಗೆ ಓದಿದ. ಆಮೇಲೆ ನಮ್ಮನ್ನು ಓದಿದ.
"ಮತ್ತೆ ಕೆಟ್ಟಿತೇ?"
"ಈ ಸಲ ನಿಜ" ಎಂದ ಡೆಲ್ಮರ್.
ಹಾಗಾದರೆ ಆ ಸಲ, ಎಂದು ಅವನು ಕೇಳಲಿಲ್ಲ.
ನೋಟುಗಳನ್ನು ಅಂಗೈಯಿಂದ ಸವರಿ, ನೇರ ಮಾಡಿ, ಕೊಟ್ಟ.

ಯಾವುದೋ ಊರಿನ ಯಾವುದೋ ಮೇಜಿನಡಿ
ನಮ್ಮ ತಂತಿ ಕಿತ್ತ ಕಾಲಿಗೆ
ನಮ್ಮ ಮುಖ ಕಂಡಿತ್ತೇ?
ನಾವಂತೂ ಮುಖ ನೋಡಿ ಕಿತ್ತವರು,
ಎಂದು ಬೀಗಬೇಕೆನ್ನುವಷ್ಟರಲ್ಲಿ
ಕೈ ತಾನಾಗಿ ಕೆಳಗಿನ ಡ್ರಾಯರಿಗೆ ಹೋಗುತ್ತದೆ.

ಅಲ್ಲೊಂದು ರಸೀದಿ ಇದೆ, ಡೆಲ್ಮರನಿಗೂ ತೋರಿಸಿಲ್ಲ.
ಆ ಹುಡುಗಿ ನಗುನಗುತ್ತ ಬಂದಿದ್ದಳು,
ಅಂದು ಯಂತ್ರ ಚೆನ್ನಾಗಿತ್ತು,
ಗುಂಡಿ ಒತ್ತಿದವಳು ನಾನೇ.
ಬಿಸಿಗೆ ಅಚ್ಚಾಗುವ ಕಾಗದ, ಬೇಗ ಮಾಸುತ್ತದೆ.
ಹೆಸರು ಹೋಯಿತು, ತಾರೀಕು ಹೋಯಿತು,
ಕೆಳಗಿನ ಸಾಲೊಂದೇ
ದೀಪಕ್ಕೆ ಹಿಡಿದರೆ ಈಗಲೂ ಕಾಣುತ್ತದೆ:
ಒಪ್ಪಿಗೆಯಾಗಿದೆ.